ಕೂಸು ಹುಟ್ಟುವ ಮುಂಚೆ ಕುಲಾವಿ? ಇನ್ನೂ ಹುಟ್ಟದವರ ಪರವಾಗಿ ಮಾತಾಡುವವರು ಯಾರು?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ವಾರದಿಂದ ತಲೆ ತಿನ್ನುತ್ತಿದೆ. ಇಲ್ಲಿ ಹಾಕಿದರೆ ಉತ್ತರ ಸಿಗದಿದ್ದರೂ ಬೈಗುಳವಾದರೂ ಸಿಗುತ್ತೆ ಅಂತ ಬರೆಯುತ್ತಿದ್ದೇನೆ.

2024ರ ಸೆಪ್ಟೆಂಬರ್ 22ರಂದು ವಿಶ್ವಸಂಸ್ಥೆಯ ಮಹಾಸಭೆ ಮುಂದಿನ ಪೀಳಿಗೆಗಳ ಬಗ್ಗೆ ಒಂದು ಘೋಷಣೆಯನ್ನು ಒಪ್ಪಿಕೊಂಡಿತು. ಇನ್ನು ಮೇಲೆ ದೊಡ್ಡ ನಿರ್ಧಾರ ಮಾಡುವಾಗ ನಾಳೆ ಹುಟ್ಟುವವರನ್ನೂ ಲೆಕ್ಕಕ್ಕೆ ತಗೋತೀವಿ ಅನ್ನುವುದು ಅದರ ತಿರುಳು. ಓದಿದಾಗ ಖುಷಿಯಾಯಿತು. ಆಮೇಲೆ 1945ರ ವಿಶ್ವಸಂಸ್ಥೆಯ ಸನ್ನದು ತೆಗೆದು ನೋಡಿದೆ. ಅದು ಶುರುವಾಗುವುದೇ ಮುಂದಿನ ಪೀಳಿಗೆಗಳನ್ನು ಯುದ್ಧದ ಪಿಡುಗಿನಿಂದ ಕಾಪಾಡುತ್ತೇವೆ ಅನ್ನುವ ಮಾತಿನಿಂದ. ಹುಟ್ಟದವರು ಮೊದಲ ಸಾಲಿನಲ್ಲೇ ಇದ್ದಾರೆ! 79 ವರ್ಷ ಕಳೆದ ಮೇಲೆ ಇನ್ನೊಂದು ಘೋಷಣೆ ಬೇಕಾಯಿತು ಅಂದರೆ ಆ ಮೊದಲ ಸಾಲು ಕೆಲಸ ಮಾಡಲಿಲ್ಲ ಅಂತಲೇ ಅಲ್ವಾ?

ನನ್ನ ಪ್ರಶ್ನೆ ಇಷ್ಟೇ. ಹುಟ್ಟದವರು ಓಟು ಹಾಕಲ್ಲ, ಅರ್ಜಿ ಬರೆಯಲ್ಲ. ಅವರ ಪರವಾಗಿ ಮಾತಾಡ್ತೀನಿ ಅಂತ ಯಾರು ಬೇಕಾದರೂ ಎದ್ದು ನಿಲ್ಲಬಹುದು. "ನಾನು ಹಾಗೆ ಹೇಳೇ ಇಲ್ಲ" ಅನ್ನೋಕೆ ಅವರಂತೂ ಬರಲ್ಲ. ಹಾಗಾದರೆ ಆ ವಕಾಲತ್ತಿಗೆ ಬೆಲೆ ಏನು? ಇನ್ನೊಂದು ಭಯವೂ ಇದೆ. ಈಗ ಬದುಕಿದ್ದೂ ಯಾರ ಕಿವಿಗೂ ಬೀಳದ ಜನರ ಸರದಿ ಇದರಿಂದ ಇನ್ನಷ್ಟು ಹಿಂದೆ ಹೋಗಲ್ವಾ?

ಹಳೇ ಗುಮಾಸ್ತ

ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕೂಸಿನ ಅಜ್ಜಿಯೂ ಹುಟ್ಟಿಲ್ಲ. ಕುಲಾವಿ ಮಾತ್ರ ರೆಡಿ.

ಬದುಕಿರುವವರ ಲೆಕ್ಕ ಮೊದಲು ಆಗಲಿ. ಭದ್ರತಾ ಮಂಡಳಿಯಲ್ಲಿ ಕಾಯಂ ಕುರ್ಚಿ 1945ರಲ್ಲಿ 5 ಇತ್ತು, ಈಗಲೂ 5. ಆಫ್ರಿಕಾದ 54 ದೇಶಗಳಲ್ಲಿ ಒಂದಕ್ಕೂ ಅಲ್ಲಿ ಕಾಯಂ ಜಾಗ ಇಲ್ಲ. ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಲ್ಲಿ ದೊಡ್ಡ ಬದಲಾವಣೆಗೆ 85% ಮತ ಬೇಕು. ಅಮೆರಿಕ ಒಂದರ ಕೈಯಲ್ಲೇ 16%ಗಿಂತ ಜಾಸ್ತಿ ಇದೆ. ಅಂದರೆ ಉಳಿದವರೆಲ್ಲ ಸೇರಿ ಹೂಂ ಅಂದರೂ ಆ ಒಬ್ಬರು ಊಹೂಂ ಅಂದರೆ ಮುಗೀತು. ಬಾಗಿಲ ಹೊರಗೆ ನಿಂತಿರುವವರನ್ನು ಒಳಗೆ ಕರೆಯದೆ 2100ನೇ ಇಸವಿಯವರಿಗೆ ಕುರ್ಚಿ ಹಾಕುವುದು ನಾಟಕ.

ಕಾಯ್ದೆಕಡ್ಡಿ

ಗುಮಾಸ್ತರೇ, ನಾಟಕ ಅಂತ ಒಂದೇ ಏಟಿಗೆ ತಳ್ಳಿಹಾಕಬೇಡಿ. ಮೂರು ದೇಶಗಳು ನಿಜವಾಗಿ ಕುರ್ಚಿ ಹಾಕಿ ನೋಡಿವೆ. ಮೂರರ ಕಥೆಯೂ ಬೇರೆ ಬೇರೆ.

ಇಸ್ರೇಲ್ 2001ರಲ್ಲಿ ಸಂಸತ್ತಿನ ಒಳಗೇ ಮುಂದಿನ ಪೀಳಿಗೆಗಳ ಆಯೋಗ ಮಾಡಿತು. ನಿವೃತ್ತ ನ್ಯಾಯಾಧೀಶರೊಬ್ಬರು ಮುಖ್ಯಸ್ಥರು. ಅವರಿಗೆ ಇಲಾಖೆಗಳಿಂದ ಮಾಹಿತಿ ಕೇಳುವ ಹಕ್ಕಿತ್ತು. ಒಂದು ಮಸೂದೆಯ ಬಗ್ಗೆ ಅಭಿಪ್ರಾಯ ಬರೆಯಲು ಸಮಯ ಕೊಡಿ ಅಂತ ಕೇಳುವ ಹಕ್ಕೂ ಇತ್ತು. ಕೇಳೋಕೆ ಚಿಕ್ಕದು. ಆದರೆ ಅಧಿವೇಶನ ಮುಗಿಯುವ ಹೊತ್ತಿಗೆ "ಸ್ವಲ್ಪ ತಾಳಿ" ಅನ್ನುವವನಿಗೆ ಎಷ್ಟು ಬಲ ಇರುತ್ತೆ ಅಂತ ಸಂಸತ್ತು ನೋಡಿದವರಿಗೆ ಗೊತ್ತು. 2006ರಲ್ಲಿ ಅವರ ಅವಧಿ ಮುಗಿಯಿತು. ಆ ಜಾಗಕ್ಕೆ ಮತ್ತೆ ಯಾರನ್ನೂ ತರಲೇ ಇಲ್ಲ.

ಹಂಗೇರಿಯಲ್ಲಿ 2008ರಲ್ಲಿ ಸಂಸತ್ತು ಇಂಥದ್ದೇ ಒಬ್ಬ ಆಯುಕ್ತರನ್ನು ಆರಿಸಿತು. 2012ರಿಂದ ಆ ಹುದ್ದೆ ಸ್ವತಂತ್ರವಾಗಿ ಉಳಿಯಲಿಲ್ಲ. ಇನ್ನೊಬ್ಬ ಅಧಿಕಾರಿಯ ಕೈಕೆಳಗಿನ ಉಪ ಹುದ್ದೆಯಾಯಿತು.

ವೇಲ್ಸ್ 2015ರಲ್ಲಿ ಕಾಯ್ದೆಯನ್ನೇ ಮಾಡಿತು. ಅಲ್ಲಿನ ಆಯುಕ್ತರಿಗೆ ತಡೆಯುವ ಅಧಿಕಾರ ಇಲ್ಲ. ಆದರೆ ಅವರು ಶಿಫಾರಸು ಕೊಟ್ಟರೆ ಸರ್ಕಾರಿ ಸಂಸ್ಥೆ ಅದಕ್ಕೆ ಬರವಣಿಗೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಉತ್ತರ ಕೊಡಬೇಕು. ಪಾಲಿಸಲ್ಲ ಅಂದರೆ ಯಾಕೆ ಅಂತ ಹೇಳಬೇಕು. ನ್ಯೂಪೋರ್ಟ್ ಪಕ್ಕ ಎಂ4 ಹೆದ್ದಾರಿಗೆ ಒಂದು ಬಳಸುದಾರಿ ಕಟ್ಟುವ ಯೋಜನೆ ಇತ್ತು. ಜೌಗು ಭೂಮಿಯ ಮೇಲೆ ಹಾಯುವ ದಾರಿ. ಆಯುಕ್ತರು ಬಲವಾಗಿ ಆಕ್ಷೇಪಿಸಿದರು. 2019ರಲ್ಲಿ ಅಲ್ಲಿನ ಮುಖ್ಯ ಸಚಿವರು ಯೋಜನೆ ಕೈಬಿಟ್ಟರು. ಖರ್ಚಿನ ಪ್ರಶ್ನೆಯೂ ಇತ್ತು, ಪೂರ್ತಿ ಶ್ರೇಯ ಆಯುಕ್ತರಿಗೆ ಕೊಡುವ ಹಾಗಿಲ್ಲ. ಆದರೂ ಈ ಮೂರರಲ್ಲಿ ಸ್ವತಂತ್ರವಾಗಿ ಉಳಿದುಕೊಂಡಿರುವುದು ಅದೊಂದೇ.

ಹಳೇ ಗುಮಾಸ್ತ

ಅಂದರೆ ಕಚ್ಚುವ ನಾಯಿಯನ್ನು ಓಡಿಸಿದರು, ಬೊಗಳುವುದನ್ನು ಇಟ್ಟುಕೊಂಡರು.

ಕಾಯ್ದೆಕಡ್ಡಿ

ಬೊಗಳಿದ್ದಕ್ಕೆ ಮನೆಯವರು ಲಿಖಿತ ಉತ್ತರ ಕೊಡಬೇಕಾದರೆ ಅದೂ ಕಡಿಮೆ ಅಲ್ಲ ಸರ್.

ಸನ್ನೆ ಮಾತು

ನನಗೆ ಕಿವಿ ಕೇಳಿಸಲ್ಲ, ಸನ್ನೆ ಭಾಷೆ ನನ್ನ ಭಾಷೆ. ಕಿಟಕಿಪಕ್ಕ ಅವರು 'ಯಾರ ಕಿವಿಗೂ ಬೀಳದ ಜನ' ಅಂತ ಬರೆದಿದ್ದು ಓದಿ ನಗು ಬಂತು. ಬೇಜಾರಿಲ್ಲ.

ಒಮ್ಮೆ ಅಂಗವಿಕಲರ ಬಗ್ಗೆಯೇ ಇದ್ದ ಒಂದು ಸಭೆಗೆ ನನ್ನನ್ನು ಕರೆದಿದ್ದರು. ಬೆಳಿಗ್ಗೆ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಇದ್ದರು. ಸ್ವಾಗತ, ದೀಪ, ಭಾಷಣ, ಫೋಟೋ, ಎಲ್ಲ ಚೆನ್ನಾಗಿ ಅರ್ಥವಾಯಿತು. ಅವರ ಬುಕಿಂಗ್ ಇದ್ದದ್ದು ಮಧ್ಯಾಹ್ನದವರೆಗೆ ಮಾತ್ರ. ಊಟ ಆದಮೇಲೆ ಎಲ್ಲರೂ ಮೇಜಿನ ಸುತ್ತ ಕೂತು ಏನನ್ನು ವರದಿಗೆ ಸೇರಿಸಬೇಕು, ಏನನ್ನು ಬಿಡಬೇಕು ಅಂತ ತೀರ್ಮಾನ ಮಾಡಿದರು. ನಾನು ಎರಡು ಗಂಟೆ ಬಾಯಿಗಳನ್ನು ನೋಡುತ್ತಾ ಕೂತಿದ್ದೆ. ಒಬ್ಬರು ನಡುವೆ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿ "ಓಕೆನಾ?" ಅಂತ ಕೇಳಿದರು. ಏನು ಓಕೆ ಅಂತ ಗೊತ್ತಿಲ್ಲದೆ ನಾನೂ ಹೆಬ್ಬೆರಳು ಎತ್ತಿದೆ. ವರದಿಯಲ್ಲಿ ನನ್ನ ಒಪ್ಪಿಗೆ ಇದೆ.

ಅಂಗವಿಕಲರ ಹಕ್ಕುಗಳ ಒಪ್ಪಂದ ವಿಶ್ವಸಂಸ್ಥೆಯಲ್ಲಿ 2006ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾಯಿತು. ಅದರ ಕರಡು ಬರೆಯುವ ಮಾತುಕತೆಯಲ್ಲಿ ಅಂಗವಿಕಲರ ಸಂಘಟನೆಗಳೇ ಕೂತಿದ್ದವು. 'ನಮ್ಮನ್ನು ಬಿಟ್ಟು ನಮ್ಮ ವಿಷಯ ಬೇಡ' ಅನ್ನುವುದು ಅವರ ಘೋಷಣೆ. ಕಾಗದದ ಮೇಲೆ ಅದು ಗೆದ್ದಿದೆ. ಮಧ್ಯಾಹ್ನದ ಊಟದ ನಂತರ ಏನಾಗುತ್ತೆ ಅನ್ನುವುದು ನನ್ನ ಪ್ರಶ್ನೆ.

ಉಪ್ಪುನೀರು

ಮೇಡಂ, ನಿಮ್ಮ ಮಧ್ಯಾಹ್ನದ ಕಥೆ ಓದಿ ದುಬೈ ನೆನಪಾಯಿತು.

2023ರ ಡಿಸೆಂಬರ್ 13, ಹವಾಮಾನ ಶೃಂಗಸಭೆಯ ಕೊನೆಯ ಕಲಾಪ. ಸಣ್ಣ ದ್ವೀಪದೇಶಗಳ ಒಕ್ಕೂಟದಲ್ಲಿ 39 ಸದಸ್ಯರು. ಸಮುದ್ರ ಏರಿದರೆ ಮೊದಲು ಮುಳುಗುವುದು ಅವರೇ. ಅಂತಿಮ ಕರಡಿನ ಬಗ್ಗೆ 39 ದೇಶಗಳೂ ಒಂದೇ ಮಾತು ಆಡಬೇಕು ಅಂತ ಅವರು ಬೇರೆ ಕೋಣೆಯಲ್ಲಿ ಚರ್ಚೆ ಮಾಡುತ್ತಿದ್ದರು. ಅಷ್ಟರಲ್ಲಿ ಮುಖ್ಯ ಸಭಾಂಗಣದಲ್ಲಿ ಅಧ್ಯಕ್ಷರು ಸುತ್ತಿಗೆ ಬಡಿದು ನಿರ್ಧಾರ ಅಂಗೀಕಾರವಾಯಿತು ಅಂದುಬಿಟ್ಟರು. ಒಳಗೆ ಬಂದ ಸಮೋವಾದ ಆನ್ ರಾಸ್ಮುಸೆನ್ ಮೈಕ್ ಹಿಡಿದು, ನೀವು ಸುತ್ತಿಗೆ ಬಡಿದಾಗ ದ್ವೀಪದೇಶಗಳು ಕೋಣೆಯಲ್ಲೇ ಇರಲಿಲ್ಲ ಅಂದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಿರ್ಧಾರ ಮಾತ್ರ ಹಾಗೇ ಉಳಿಯಿತು.

ಆ ಚಪ್ಪಾಳೆ ನನಗೆ ಇನ್ನೂ ಜೀರ್ಣ ಆಗಿಲ್ಲ.

ಇನ್ನೂ ಹಿಂದೆ ಹೋಗಿ. 1923ರಲ್ಲಿ ಡೆಸ್ಕಾಹೆ ಅನ್ನುವ ಮುಖಂಡರು ಜಿನೀವಾಕ್ಕೆ ಹೋದರು. ಉತ್ತರ ಅಮೆರಿಕದ ಹಾಡೆನೊಸೌನಿ ಮೂಲನಿವಾಸಿಗಳ ಪ್ರತಿನಿಧಿ. ಕೈಯಲ್ಲಿದ್ದದ್ದು ತಮ್ಮ ಜನರೇ ಕೊಟ್ಟ ಪಾಸ್‌ಪೋರ್ಟ್. ತಮ್ಮ ನೆಲದ ಬಗ್ಗೆ, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘದ ಮುಂದೆ ಮಾತಾಡಬೇಕು ಅಂತ ಅಲ್ಲೇ ವರ್ಷಕ್ಕೂ ಜಾಸ್ತಿ ಕಾದರು. ಅವಕಾಶ ಕೊಡಲಿಲ್ಲ. 1925ರಲ್ಲಿ ತೀರಿಕೊಂಡರು. ಏನು ತಮಾಷೆ ನೋಡಿ. ಯಾವ ನಿರ್ಧಾರ ಮಾಡಿದರೂ ಏಳನೇ ತಲೆಮಾರಿನ ಮೇಲೆ ಅದರ ಪರಿಣಾಮ ಏನು ಅಂತ ಯೋಚಿಸಬೇಕು ಅನ್ನುವ ಮಾತು ಇವತ್ತು ಎಲ್ಲ ದೊಡ್ಡ ಭಾಷಣಗಳಲ್ಲೂ ಬರುತ್ತೆ. ಆ ಮಾತು ಬಂದದ್ದು ಇದೇ ಹಾಡೆನೊಸೌನಿ ಜನರಿಂದ. ಮಾತು ಒಳಗೆ ಬಂತು, ಆಡಿದವರು ಹೊರಗೇ ಉಳಿದರು. ಮೂಲನಿವಾಸಿಗಳಿಗೆ ವಿಶ್ವಸಂಸ್ಥೆಯಲ್ಲಿ ಒಂದು ಕಾಯಂ ವೇದಿಕೆ ಮೊದಲ ಸಲ ಸಭೆ ಸೇರಿದ್ದು 2002ರಲ್ಲಿ. 16 ಸದಸ್ಯರಲ್ಲಿ 8 ಮಂದಿಯನ್ನು ಅವರ ಸಂಘಟನೆಗಳು ಸೂಚಿಸುತ್ತವೆ. ಅದೂ ಸಲಹೆ ಕೊಡುವ ವೇದಿಕೆ, ಅಷ್ಟೇ.

ಲೆಕ್ಕಪತ್ರ

ಇಲ್ಲಿ ಎಲ್ಲರೂ ಕುರ್ಚಿಯ ಬಗ್ಗೆ ಮಾತಾಡುತ್ತಿದ್ದೀರಿ. ಕುರ್ಚಿ ಇಲ್ಲದೆಯೂ ಹುಟ್ಟದವರನ್ನು ಒರೆಸಿಹಾಕುವ ಒಂದು ಜಾಗ ಇದೆ. ಅದು ಲೆಕ್ಕದ ಹಾಳೆ.

ಬಡ್ಡಿ ಲೆಕ್ಕ ಎಲ್ಲರಿಗೂ ಗೊತ್ತು. ಅದನ್ನೇ ಹಿಂದುಮುಂದು ಮಾಡಿ. ನೂರು ವರ್ಷದ ನಂತರ ಆಗುವ ಒಂದು ನಷ್ಟದ ಬೆಲೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಇವತ್ತಿನ ಲೆಕ್ಕದಲ್ಲಿ ಅದು ಎಷ್ಟು? ವರ್ಷಕ್ಕೆ 5%ರಂತೆ ಕಳೆಯುತ್ತಾ ಬಂದರೆ ಉಳಿಯುವುದು ಸುಮಾರು 0.76. ಅಂದರೆ ಅವರ ನೂರು ನಮಗೆ ಮುಕ್ಕಾಲು. ಅದನ್ನು ತಪ್ಪಿಸಲು ಈಗ ಒಂದು ರೂಪಾಯಿ ಖರ್ಚು ಮಾಡಿದರೂ ದಂಡ ಅಂತ ಹಾಳೆ ಹೇಳುತ್ತೆ. 1.4%ರಂತೆ ಕಳೆದರೆ ಉಳಿಯುವುದು ಸುಮಾರು 25. ಬ್ರಿಟನ್ನಿನಲ್ಲಿ 2006ರಲ್ಲಿ ನಿಕೋಲಸ್ ಸ್ಟರ್ನ್ ಮಾಡಿದ ಹವಾಮಾನ ವರದಿ ಹೆಚ್ಚುಕಡಿಮೆ ಈ ಎರಡನೇ ದರ ಹಿಡಿಯಿತು. ಅದಕ್ಕೇ ಅದು 'ಈಗಲೇ ಖರ್ಚು ಮಾಡಿ' ಅಂದಿತು. ಅರ್ಥಶಾಸ್ತ್ರಜ್ಞರು ಆ ದರದ ಮೇಲೆ ವರ್ಷಗಟ್ಟಲೆ ಜಗಳ ಆಡಿದರು.

ಒಂದು ಅಂಕಿ ಬದಲಾದರೆ ನಷ್ಟದ ತೂಕ ಮೂವತ್ತು ಪಟ್ಟು ಏರುತ್ತೆ. ಆ ಅಂಕಿ ಯಾವುದಿರಬೇಕು ಅಂತ ಯಾರೂ ಓಟು ಹಾಕಿಲ್ಲ. ಸಾಮಾನ್ಯವಾಗಿ ಅದು ಯಾವುದೋ ಅನುಬಂಧದ ಅಡಿಟಿಪ್ಪಣಿಯಲ್ಲಿ ಇರುತ್ತೆ.

ಹಳೇ ಗುಮಾಸ್ತ

ಲೆಕ್ಕಪತ್ರ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಆದರೆ ಇನ್ನೊಂದು ಪಕ್ಕವೂ ಇದೆ. ನೂರು ವರ್ಷದ ನಂತರದವರು ನಮಗಿಂತ ಶ್ರೀಮಂತರಾಗಿರಬಹುದು, ಜಾಣರಾಗಿರಬಹುದು. ಈಗಿನ ಬಡವ ಅವರಿಗಾಗಿ ಯಾಕೆ ಹೊಟ್ಟೆ ಕಟ್ಟಬೇಕು? ಇನ್ನೊಂದು, ಅವರಿಗೆ ಏನು ಬೇಕು ಅಂತ ನಾವು ತೀರ್ಮಾನ ಮಾಡಿ ಕಟ್ಟಿಹಾಕಿದರೆ ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಂಡ ಹಾಗಾಗಲ್ವಾ? ಈ ಸಲ ಆಲದ ಮರ ನೆಡುವ ಅಪ್ಪ ನಾವೇ.

ಕಾಯ್ದೆಕಡ್ಡಿ

ಇದು ಒಳ್ಳೆಯ ಪ್ರಶ್ನೆ. ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರ ಮಾರ್ಚ್‌ನಲ್ಲಿ ಇದರ ಹತ್ತಿರದ ಒಂದು ಉತ್ತರ ಕೊಟ್ಟಿತು. ಅಲ್ಲಿನ ಹವಾಮಾನ ಕಾಯ್ದೆಯಲ್ಲಿ 2030ರವರೆಗೆ ಮಾತ್ರ ಸ್ಪಷ್ಟ ಗುರಿ ಇತ್ತು. 2050ಕ್ಕೆ ಹೊಗೆ ನಿವ್ವಳ ಸೊನ್ನೆ ಅನ್ನುವ ದೂರದ ಗುರಿ ಬಿಟ್ಟರೆ ಆಮೇಲಿನದು ಖಾಲಿ. ಯುವಕರು ದಾವೆ ಹೂಡಿದರು. ಮುಂದಿನವರಿಗೆ ಏನು ಬೇಕು ಅಂತ ನ್ಯಾಯಾಲಯ ಊಹೆ ಮಾಡಲಿಲ್ಲ. ಈಗ ಸುಲಭದ ಪಾಲು ತಿಂದು ಕಷ್ಟದ್ದನ್ನೆಲ್ಲ 2030ರ ಆಚೆಗೆ ದೂಡಿದರೆ ಆಗ ಬದುಕುವವರಿಗೆ ಆಯ್ಕೆಯೇ ಉಳಿಯಲ್ಲ, ಅವರ ಸ್ವಾತಂತ್ರ್ಯ ಹೋಗುತ್ತೆ ಅಂದಿತು. ಕೆಲವೇ ತಿಂಗಳಲ್ಲಿ ಸರ್ಕಾರ ಕಾಯ್ದೆ ತಿದ್ದಿ, 2050ರ ಗುರಿಯನ್ನು 2045ಕ್ಕೆ ತಂದಿತು.

ಅಂದರೆ ಆಲದ ಮರ ನೆಡು ಅಂತಲ್ಲ. ನೆಲಕ್ಕೆ ಕಾಂಕ್ರೀಟ್ ಹಾಕಬೇಡ ಅಂತ.

ಹುಟ್ಟದವರ ಹೆಸರಿನಲ್ಲಿ ದಾವೆ ಹೂಡುವುದು ಹೊಸದೂ ಅಲ್ಲ. ಫಿಲಿಪೀನ್ಸ್ ಸುಪ್ರೀಂ ಕೋರ್ಟ್ 1993ರಲ್ಲೇ, ಮರ ಕಡಿಯುವ ಪರವಾನಗಿಗಳ ವಿರುದ್ಧದ ಓಪೋಸಾ ಪ್ರಕರಣದಲ್ಲಿ, ಮಕ್ಕಳು ಮುಂದಿನ ಪೀಳಿಗೆಯ ಪರವಾಗಿಯೂ ಕೇಳಬಹುದು ಅಂದಿತ್ತು.

ಕಿಟಕಿಪಕ್ಕ

ಮಕ್ಕಳು ಕೋರ್ಟಿಗೆ ಹೋದರೆ ಎಲ್ಲ ಕಡೆ ಗೆಲ್ಲುತ್ತಾರಾ?

ಕಾಯ್ದೆಕಡ್ಡಿ

ಇಲ್ಲ. 2024ರ ಏಪ್ರಿಲ್ 9ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಂದೇ ದಿನ ಹಲವು ತೀರ್ಪು ಕೊಟ್ಟಿತು. ಪೋರ್ಚುಗಲ್‌ನ ಆರು ಎಳೆಯರು 30ಕ್ಕೂ ಹೆಚ್ಚು ದೇಶಗಳ ಮೇಲೆ ಹಾಕಿದ್ದ ದಾವೆ ತಾಂತ್ರಿಕ ಕಾರಣಕ್ಕೆ ಬಿದ್ದುಹೋಯಿತು. ಗೆದ್ದವರು ಯಾರು ಗೊತ್ತಾ? ಸ್ವಿಟ್ಜರ್ಲೆಂಡಿನ ಅಜ್ಜಿಯರು. 2,000ಕ್ಕೂ ಜಾಸ್ತಿ ವಯಸ್ಸಾದ ಹೆಂಗಸರ ಸಂಘ. ಬಿಸಿಗಾಳಿಗೆ ನಾವು ಸಾಯುತ್ತೇವೆ, ಸರ್ಕಾರ ಸಾಕಷ್ಟು ಮಾಡಿಲ್ಲ ಅಂತ ಕೇಳಿದ್ದರು.

ಸನ್ನೆ ಮಾತು

ಮೊಮ್ಮಕ್ಕಳ ದಾವೆ ಅಜ್ಜಿ ಗೆದ್ದಳು. ಇದನ್ನು ನಾನು ನಾಲ್ಕು ಜನಕ್ಕೆ ಹೇಳಲೇಬೇಕು.

ಉಪ್ಪುನೀರು

ಕಿಟಕಿಪಕ್ಕ ಅವರ ಮೊದಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ಬದುಕಿರುವ ಕೇಳದ ದನಿ ಒಂದು ಕಡೆ, ಹುಟ್ಟದವರು ಇನ್ನೊಂದು ಕಡೆ, ಯಾರನ್ನು ಮೊದಲು ಕರೆಯಬೇಕು ಅಂತ ನೀವು ತಕ್ಕಡಿ ಹಿಡಿದಿದ್ದೀರಿ. ನನಗೆ ಇವೆರಡು ಬೇರೆ ಅಂತ ಅನಿಸುವುದೇ ಇಲ್ಲ. ಒಂದು ಉದಾಹರಣೆ ಸಾಕು.

1991. ಹವಾಮಾನ ಒಪ್ಪಂದದ ಕರಡು ಇನ್ನೂ ಬರೆಯುತ್ತಿದ್ದರು. ವನುವಾಟು ಅನ್ನುವ ಪುಟ್ಟ ದ್ವೀಪದೇಶ ಎಲ್ಲ ದ್ವೀಪಗಳ ಪರವಾಗಿ ಒಂದು ಸಲಹೆ ಇಟ್ಟಿತು. ಸಮುದ್ರ ಏರಿ ಆಗುವ ನಷ್ಟಕ್ಕೆ ಒಂದು ವಿಮಾ ನಿಧಿ ಇರಲಿ, ಹೊಗೆ ಬಿಟ್ಟ ಶ್ರೀಮಂತ ದೇಶಗಳು ಅದಕ್ಕೆ ದುಡ್ಡು ಹಾಕಲಿ ಅಂತ. ಆ ಸಲಹೆಯನ್ನು ಬದಿಗಿಟ್ಟರು. ನಷ್ಟಕ್ಕೆ ಒಂದು ನಿಧಿ ಬೇಕು ಅಂತ ಜಗತ್ತು ಒಪ್ಪಿದ್ದು 2022ರಲ್ಲಿ, ಈಜಿಪ್ಟಿನ ಶೃಂಗಸಭೆಯಲ್ಲಿ. 31 ವರ್ಷ! 1991ರಲ್ಲಿ ಹುಟ್ಟಿರದ ಮಗು ಅಷ್ಟರಲ್ಲಿ ದೊಡ್ಡದಾಗಿ, ಅದಕ್ಕೂ ಒಂದು ಮಗು ಆಗುವ ವಯಸ್ಸು. ಆ 'ಮುಂದಿನ ಪೀಳಿಗೆ'ಗೆ ಏನು ಬೇಕಿತ್ತು ಅಂತ 1991ರಲ್ಲಿ ಸರಿಯಾಗಿ ಹೇಳಿದವರು ಯಾರು? ತಜ್ಞರ ಸಮಿತಿ ಅಲ್ಲ. ಆವಾಗ ಯಾರೂ ಕಿವಿಗೊಡದವರು.

ಮುಂದೆ ಕೇಳಿ. 2019ರಲ್ಲಿ ಅದೇ ವನುವಾಟುವಿನಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಒಂದು ತರಗತಿಯ ಚರ್ಚೆಯಿಂದ ಹೊರಟು, ಇದನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯೋಣ ಅಂದರು. ಸರ್ಕಾರಗಳಿಗೆ ಪತ್ರ ಬರೆದರು. ವನುವಾಟು ಕೈಜೋಡಿಸಿತು. 2023ರ ಮಾರ್ಚ್ 29ರಂದು ಮಹಾಸಭೆ ಒಮ್ಮತದಿಂದ ನ್ಯಾಯಾಲಯದ ಅಭಿಪ್ರಾಯ ಕೇಳಿತು. 2025ರ ಜುಲೈ 23ರಂದು ಉತ್ತರ ಬಂತು: ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಬಾಧ್ಯತೆ, ಮೀರಿದರೆ ಪರಿಹಾರ ಕೊಡಬೇಕಾಗಿ ಬರಬಹುದು. ಅದು ಸಲಹಾ ಅಭಿಪ್ರಾಯ, ಯಾರ ಕೈಗೂ ಬೇಡಿ ಹಾಕಲ್ಲ, ಗೊತ್ತು. ಆದರೆ ಆ ವಿದ್ಯಾರ್ಥಿಗಳೇ 1991ರ ಮುಂದಿನ ಪೀಳಿಗೆ. ಪೆಟ್ಟು ಮೊದಲು ಯಾರಿಗೆ ಬೀಳುತ್ತೋ ಅವರು ಎಲ್ಲರಿಗಿಂತ ಮೂವತ್ತು ವರ್ಷ ಮುಂದೆ ಬದುಕುತ್ತಿರುತ್ತಾರೆ. ನಾಳೆಯ ಸುದ್ದಿ ಬೇಕಿದ್ದರೆ ಅವರನ್ನು ಕೇಳಿ.

ಕಿಟಕಿಪಕ್ಕ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ತಕ್ಕಡಿ ಕೆಳಗಿಟ್ಟೆ ಅಂತ ತಿಳ್ಕೊಳ್ಳಿ.

ಆದರೆ ಪೆಟ್ಟು ಬೀಳದ ಕಡೆ ಕೂತವರಿಗೂ ನಾಳೆ ಕಾಣಬೇಕಲ್ಲ? ಜಪಾನಿನ ಯಹಾಬಾ ಊರಿನಲ್ಲಿ 2015ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಅರ್ಥಶಾಸ್ತ್ರಜ್ಞ ತತ್ಸುಯೋಷಿ ಸೈಜೊ ಅವರ ಯೋಚನೆ. ಊರಿನವರನ್ನು ಗುಂಪು ಮಾಡಿ, ಕೆಲವರಿಗೆ ನೀವು 2060ರಿಂದ ಬಂದವರು ಅಂತ ಹೇಳಿದರು. ಹಬ್ಬದಲ್ಲಿ ತೊಡುವಂಥ ಮೇಲಂಗಿಯನ್ನೂ ಕೊಟ್ಟರು. ಅಂಗಿ ಹಾಕಿಕೊಂಡವರು ಬೇರೆಯೇ ಥರ ಮಾತಾಡಿದರು. ಈಗಿನವರು ಇವತ್ತಿನ ತೊಂದರೆಗಳ ಪಟ್ಟಿ ಕೊಟ್ಟರೆ, ಅವರು ತುಂಬಾ ಸಮಯ ಹಿಡಿಯುವ ಕೆಲಸಗಳನ್ನು ಮುಂದಿಟ್ಟರು. ಕೊಳವೆಗಳು ಹಾಳಾಗುವ ಮುಂಚೆ ದುಡ್ಡು ಸೇರಿಸೋಣ ಅಂತ ನೀರಿನ ದರ ಏರಿಸುವುದಕ್ಕೂ ಊರು ಒಪ್ಪಿತು. ದರ ಏರಿಸಿ ಅಂತ ಜನರೇ ಹೇಳುವುದು!

ಹಳೇ ಗುಮಾಸ್ತ

ಆ ಅಂಗಿಯನ್ನು ನಾಲ್ಕು ಜನ ಮಂತ್ರಿಗಳಿಗೆ ಹೊಲಿಸಬೇಕು. ಕುಲಾವಿಯ ಬದಲು.

ಲೆಕ್ಕಪತ್ರ

ಚೀಟಿ ಎತ್ತಿ ಸಾಮಾನ್ಯರನ್ನು ಕೂರಿಸುವ ಸಭೆಗಳನ್ನೂ ಸೇರಿಸಿ. ಐರ್ಲೆಂಡಿನಲ್ಲಿ 2016ರಿಂದ 99 ನಾಗರಿಕರ ಸಭೆ ಗರ್ಭಪಾತದಂಥ ಸುಡುವ ವಿಷಯ ಚರ್ಚೆ ಮಾಡಿತು. ಆಮೇಲೆ 2018ರಲ್ಲಿ ಜನಮತಗಣನೆ ಆಯಿತು, ಸಂವಿಧಾನದಲ್ಲಿದ್ದ ಗರ್ಭಪಾತದ ನಿಷೇಧ ತೆಗೆಯೋಣ ಅನ್ನುವುದಕ್ಕೆ 66.4% ಹೌದು ಅಂದರು. ಫ್ರಾನ್ಸಿನಲ್ಲಿ 150 ಜನ ಹವಾಮಾನದ ಬಗ್ಗೆ 149 ಸಲಹೆ ಕೊಟ್ಟರು. ಸೋಸದೆ ಮುಂದೆ ಕಳಿಸುತ್ತೇನೆ ಅಂತ ಅಧ್ಯಕ್ಷರು ಮಾತು ಕೊಟ್ಟಿದ್ದರು. ಜರಡಿ ಆಮೇಲೆ ಹೊರಗೆ ಬಂತು. 2021ರಲ್ಲಿ ಜಗತ್ತಿನ ಮಟ್ಟದಲ್ಲೂ 100 ಜನರ ಇಂಥ ಸಭೆ ನಡೆಯಿತು. ಯಾವ ದೇಶಕ್ಕೂ ಅದರ ಮಾತು ಕೇಳಲೇಬೇಕು ಅನ್ನುವ ಕಟ್ಟುಪಾಡು ಇರಲಿಲ್ಲ.

ಅರ್ಧವಿರಾಮ

ತಡವಾಗಿ ಬಂದೆ, ಅನುವಾದ ನನ್ನ ಕೆಲಸ. ಒಬ್ಬರು ಕೋಣೆಯಲ್ಲಿ ಇದ್ದರೆ ಏನು ಬದಲಾಗುತ್ತೆ ಅಂತ ಕೇಳುವವರಿಗೆ ನಾನು ಒಂದು ಪದ ತೋರಿಸುತ್ತೇನೆ. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡು 'ಆಲ್ ಮೆನ್' ಅಂತ ಶುರುವಾಗಿತ್ತು. ಅದರಲ್ಲಿ ಹೆಂಗಸರೂ ಬಂದರು ಬಿಡಿ ಅಂತ ಹಲವರು ಅಂದರು. ಕರಡು ಬರೆದ ಆಯೋಗದಲ್ಲಿದ್ದ ಭಾರತದ ಹಂಸಾ ಮೆಹ್ತಾ ಬಿಡಲಿಲ್ಲ. ಇವತ್ತು ಅಲ್ಲಿರುವುದು 'ಆಲ್ ಹ್ಯೂಮನ್ ಬೀಯಿಂಗ್ಸ್'. ಕನ್ನಡದಲ್ಲಿ 'ಎಲ್ಲ ಮಾನವರು' ಅಂತ ಓದುವಾಗ ನಮಗೆ ಆ ಜಗಳ ಕಾಣಿಸುವುದೇ ಇಲ್ಲ.

ಹಳೇ ಗುಮಾಸ್ತ

ಆಯಿತು, ನಾನೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಸನ್ನೆ ಮಾತು ಅವರ ಹೆಬ್ಬೆರಳಿನ ಕಥೆ ರಾತ್ರಿಯೆಲ್ಲ ಕಾಡಿತು, ಯಾಕೆಂದರೆ ಅಂಥ ವರದಿ ಬರೆಯುತ್ತಿದ್ದವನು ನಾನೇ. ಆ ಸಭೆ ಅಲ್ಲ, ಆದರೆ ನೂರಾರು ಸಭೆಗಳ ನಡಾವಳಿ ಬರೆದಿದ್ದೇನೆ.

ನಡಾವಳಿ ಪುಸ್ತಕದಲ್ಲಿ ಎರಡು ಪಟ್ಟಿ ಇರುತ್ತೆ. ಹಾಜರಿದ್ದವರು, ಗೈರುಹಾಜರಾದವರು. ಗೈರುಹಾಜರಿ ಅಂತ ಬರೆಸಿಕೊಳ್ಳಬೇಕಾದರೂ ಮೊದಲು ನೋಟಿಸ್ ಹೋಗಿರಬೇಕು. ನೋಟಿಸೇ ಹೋಗದವರಿಗೆ ಗೈರುಹಾಜರಾಗುವ ಯೋಗ್ಯತೆಯೂ ಇಲ್ಲ. ಆ ದ್ವೀಪದವರು, ನಿಮ್ಮ ಡೆಸ್ಕಾಹೆ, ಹುಟ್ಟದ ಕೂಸು, ಎಲ್ಲರೂ ಅಲ್ಲೇ ಸೇರುತ್ತಾರೆ. ಮೂರನೇ ಪಟ್ಟಿ ಬೇಕು. 'ಈ ನಿರ್ಧಾರ ತಟ್ಟುವ, ಆದರೆ ಕರೆಯದ ಜನ'. ಪ್ರತಿ ನಿರ್ಣಯದ ಕೆಳಗೆ. ವೇಲ್ಸ್‌ನವರ ಹಾಗೆ ಯಾಕೆ ಕರೆಯಲಿಲ್ಲ ಅಂತ ಕಾರಣವನ್ನೂ ಬರೆಯಲಿ.

ಕಿಟಕಿಪಕ್ಕ

ಸರ್, ನೀವು ಯಾವಾಗಲಾದರೂ ಬರೆದಿದ್ದೀರಾ, ಮೂರನೇ ಪಟ್ಟಿ?

ಹಳೇ ಗುಮಾಸ್ತ

ಒಂದೇ ಸಲ. ಒಂದು ಕಾಲುದಾರಿ ಮುಚ್ಚುವ ವಿಷಯ. ಅಲ್ಲಿ ನಡೆದು ಹೋಗುವವರು ಯಾರೂ ಸಭೆಯಲ್ಲಿ ಇರಲಿಲ್ಲ, ಬಂದವರೆಲ್ಲ ಕಾರಿನಲ್ಲಿ ಬಂದವರು. ಷರಾ ಕಾಲಂನಲ್ಲಿ 'ದಾರಿ ಬಳಸುವವರನ್ನು ಕರೆದಿರುವುದಿಲ್ಲ' ಅಂತ ಬರೆದೆ. ಅಧ್ಯಕ್ಷರು ಓದಿ, ಇದೆಲ್ಲ ಯಾಕೆ ಅಂತ ಆ ಸಾಲಿನ ಮೇಲೆ ಗೆರೆ ಎಳೆದರು. ಬರೆದದ್ದನ್ನು ಹೊಡೆದುಹಾಕಿದರೆ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು ಸಾರ್ ಅಂದೆ. ಸಿಟ್ಟಿನಲ್ಲೇ ಹಾಕಿದರು.

ಸನ್ನೆ ಮಾತು

ಅಂದರೆ ಸಹಿ ಇದೆ.

ಹಳೇ ಗುಮಾಸ್ತ

ಇದೆ. ತಾರೀಖೂ ಇದೆ.